ಒಂದೇ ಕಣಜದ ಭಯ

ನಮ್ಮ ಹಳೆಯ ಕಾವ್ಯಗಳು ಉಳಿದುಬಂದದ್ದು ಒಂದೇ ಭಂಡಾರದ ಬಲದಿಂದಲ್ಲ. ಮಠದಲ್ಲೊಂದು, ಬಸದಿಯಲ್ಲೊಂದು, ಮನೆಯ ಅಟ್ಟದಲ್ಲೊಂದು ಓಲೆಯ ಪ್ರತಿ ಇದ್ದುದರಿಂದ. ಅಂತರಜಾಲಕ್ಕೆ ಈ ಭಾಗ್ಯ ಇನ್ನೂ ಪೂರ್ಣವಾಗಿ ಒದಗಿಲ್ಲ. ಸಾಮಾನ್ಯ ಜನರ ಲಕ್ಷಾಂತರ ಪುಟಗಳಿಗೆ ನೆಲೆಯಾಗಿದ್ದ ಅಮೆರಿಕದ ಜಿಯೋಸಿಟೀಸ್ 2009ರಲ್ಲಿ ಬಾಗಿಲು ಮುಚ್ಚಿದಾಗ, ಸ್ವಯಂಸೇವಕರು ಧಾವಿಸಿ ನಕಲು ಮಾಡಿಕೊಂಡದ್ದರಿಂದ ಅವುಗಳಲ್ಲಿ ಅನೇಕ ಉಳಿದವು.

ಮೂಲದಲ್ಲಿ ಜಾಲ ಕೆಲವರ ಸೊತ್ತಾಗಿರಲಿಲ್ಲ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಕಲ್ಪಿಸಿದ ಈ ವ್ಯವಸ್ಥೆಯನ್ನು ಜಿನೀವಾದ ಸರ್ನ್ ಸಂಸ್ಥೆ 1993ರಲ್ಲಿ ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟಿತು. ಅನುಕೂಲಕ್ಕೆ ಮನಸೋತ ನಾವೇ ಎಲ್ಲವನ್ನೂ ಕೆಲವೇ ಕಣಜಗಳಲ್ಲಿ ತುಂಬಿದೆವು.

ಇದರ ಪರಿಹಾರವನ್ನು ಚಿಂತಿಸಲು 2016ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್‌ನಲ್ಲಿ, ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ, ಸಮಾವೇಶವೊಂದು ಸೇರಿತು. ಬರ್ನರ್ಸ್-ಲೀ ಅವರೂ ಬಂದಿದ್ದರು. 2019ರಲ್ಲಿ ಅದೇ ಬಳಗ ಕ್ಯಾಲಿಫೋರ್ನಿಯಾದ ತೋಟವೊಂದರಲ್ಲಿ ಬಿಡಾರ ಹೂಡಿತು. ಇಂಥವರ ಕೈಯಲ್ಲಿರುವ ಮುಕ್ತ ಸಾಧನಗಳಲ್ಲೊಂದು ಐಪಿಎಫ್‌ಎಸ್. ಬರಹ ಎಲ್ಲಿದೆಯೆಂಬುದನ್ನು ಅದು ಕೇಳುವುದಿಲ್ಲ. ಬರಹದ ಒಡಲಿನಿಂದಲೇ ಲೆಕ್ಕಹಾಕಿದ ಗುರುತಿನಿಂದ ಹುಡುಕುತ್ತದೆ. ಒಂದಕ್ಷರ ತಿದ್ದಿದರೆ ಗುರುತೇ ಬೇರೆ. ತಿದ್ದದ ಪ್ರತಿ ಯಾರಲ್ಲಿದ್ದರೂ ಸರಿ, ದೊರೆಯುತ್ತದೆ.

ಆದರೆ ಪ್ರತಿಯನ್ನು ಕಾಯುವವನೇ ಇಲ್ಲದಿದ್ದರೆ ಈ ಗುರುತೂ ನಿಷ್ಫಲ. ಯಂತ್ರ ದಾರಿ ತೋರೀತು. ಹೊಣೆ ಹೊರಬೇಕಾದವರು ಮನುಷ್ಯರು. ಆ ಹೊಣೆ ಹುಟ್ಟುವುದು ಪರಸ್ಪರ ನಂಬಿಕೆಯಿಂದ. ಮುಖ ನೋಡಿ ಮಾತಾಡುವ ಕೂಟಗಳ ಬೆಲೆ ಇರುವುದು ಅಲ್ಲಿಯೇ.