ಪಳೆಯುಳಿಕೆ ಇಂಧನಗಳ ಬಳಕೆಯನ್ನು ಕೈಬಿಡುವುದು: ಸವಾಲುಗಳು ಹಾಗೂ ನಾಗರಿಕರ ಪಾತ್ರ

ಪೀಠಿಕೆ

ಕಲ್ಲಿದ್ದಲು, ಕಚ್ಚಾತೈಲ ಹಾಗೂ ನೈಸರ್ಗಿಕ ಅನಿಲಗಳನ್ನು ಪಳೆಯುಳಿಕೆ ಇಂಧನಗಳೆಂದು ಕರೆಯಲಾಗುತ್ತದೆ. ಇವುಗಳ ದಹನದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಭೂಮಿಯ ತಾಪಮಾನ ಏರಿಕೆಗೆ ಪ್ರಮುಖ ಕಾರಣವಾಗಿದೆ. 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ಸಾಧಿಸುವುದಾಗಿ ಭಾರತವು 2021ರ ಗ್ಲಾಸ್ಗೊ ಹವಾಮಾನ ಸಮಾವೇಶದಲ್ಲಿ ಘೋಷಿಸಿತು. ಹಾಗಿದ್ದಲ್ಲಿ ಕಲ್ಲಿದ್ದಲು ಸ್ಥಾವರಗಳನ್ನು ಕೂಡಲೇ ಏಕೆ ಮುಚ್ಚಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಉದ್ಭವಿಸುತ್ತದೆ. ಅದಕ್ಕೆ ಉತ್ತರವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಸಾಮರ್ಥ್ಯ ಮತ್ತು ಉತ್ಪಾದನೆ

2025ರ ಜೂನ್ ವೇಳೆಗೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಯಿತು. 2030ಕ್ಕೆ ನಿಗದಿಯಾಗಿದ್ದ ಗುರಿಯು ಐದು ವರ್ಷ ಮೊದಲೇ ಕೈಗೂಡಿತು. ಆದಾಗ್ಯೂ 2024-25ನೇ ಸಾಲಿನಲ್ಲಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನದೇ ಆಗಿತ್ತು. ಸೌರಫಲಕವು ಹಗಲಿನಲ್ಲಿ ಮಾತ್ರ, ಗಾಳಿಯಂತ್ರವು ಗಾಳಿ ಬೀಸಿದಾಗ ಮಾತ್ರ ವಿದ್ಯುತ್ ನೀಡುವುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ.

ರಾಜ್ಯದ ಅನುಭವ

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರು, ಬಳ್ಳಾರಿ ಮತ್ತು ಯರಮರಸ್ ಶಾಖೋತ್ಪನ್ನ ಕೇಂದ್ರಗಳಿಗೆ ಕಲ್ಲಿದ್ದಲು ಹೊರಗಿನಿಂದ ರೈಲಿನ ಮೂಲಕ ಬರುತ್ತದೆ. ಇನ್ನೊಂದೆಡೆ, ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಸ್ಥಾಪನೆಯಾಗಿದೆ.

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಜಲವಿದ್ಯುತ್ ಉತ್ಪಾದನೆ ಕುಸಿಯಿತು; ಅದೇ ವೇಳೆಗೆ ನೀರಾವರಿ ಪಂಪ್‌ಸೆಟ್‌ಗಳ ಬೇಡಿಕೆ ಏರಿತು. ಬದಲಿ ವ್ಯವಸ್ಥೆ ಸಿದ್ಧವಾಗುವ ಮುನ್ನವೇ ಸ್ಥಾವರಗಳನ್ನು ಮುಚ್ಚಿದಲ್ಲಿ, ಇಂತಹ ವರ್ಷದಲ್ಲಿ ಮೊದಲು ಬಾಧೆಗೊಳಗಾಗುವವರು ರೈತರು. ತಾಪಮಾನ ಏರಿದಂತೆ ಬರದ ತೀವ್ರತೆಯೂ ಹೆಚ್ಚುವುದರಿಂದ, ವಿಳಂಬ ಮಾಡಿದಲ್ಲಿಯೂ ಬಾಧೆಗೊಳಗಾಗುವವರು ಅವರೇ.

ಪ್ರಮುಖ ಸವಾಲುಗಳು

1. ಸಂಗ್ರಹಣೆ: ಹಗಲಿನ ಸೌರವಿದ್ಯುತ್ತನ್ನು ಸಂಜೆಯ ಬಳಕೆಗೆ ಉಳಿಸಲು ಬ್ಯಾಟರಿಗಳು ಹಾಗೂ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ಮರಳಿ ಹರಿಸುವ ಘಟಕಗಳು ಅಗತ್ಯ.
2. ಪ್ರಸರಣ: ಬಿಸಿಲು, ಗಾಳಿ ಹೇರಳವಾಗಿರುವ ಪ್ರದೇಶಗಳಿಂದ ನಗರಗಳಿಗೆ ಹೊಸ ಪ್ರಸರಣ ಮಾರ್ಗಗಳನ್ನು ನಿರ್ಮಿಸಬೇಕಾಗಿದೆ.
3. ಜೀವನೋಪಾಯ: ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾ ಮೊದಲಾದ ರಾಜ್ಯಗಳಲ್ಲಿ ಗಣಿಗಾರಿಕೆಯನ್ನೇ ನಂಬಿದ ಕುಟುಂಬಗಳಿಗೆ ಪರ್ಯಾಯ ಉದ್ಯೋಗ ಒದಗಿಸಬೇಕಾಗಿದೆ.
4. ತೈಲ: ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳಲಾಗುತ್ತಿದೆ.

ನಾಗರಿಕರು ಮಾಡಬಹುದಾದುದು

ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಯ ಚಾವಣಿ ಸೌರ ಘಟಕಕ್ಕೆ ನಿಗದಿಪಡಿಸಿದ ಸಹಾಯಧನ:

1 ಕಿಲೋವ್ಯಾಟ್: ರೂ. 30,000
2 ಕಿಲೋವ್ಯಾಟ್: ರೂ. 60,000
3 ಕಿಲೋವ್ಯಾಟ್ ಹಾಗೂ ಮೇಲ್ಪಟ್ಟು: ರೂ. 78,000

ಅರ್ಜಿದಾರರು ಗಮನಿಸಬೇಕಾದ ಅಂಶವೆಂದರೆ, ಬ್ಯಾಟರಿಯಿಲ್ಲದೆ ವಿದ್ಯುತ್ ಜಾಲಕ್ಕೆ ಜೋಡಿಸಿದ ಘಟಕವು, ಮಾರ್ಗದಲ್ಲಿ ಕೆಲಸ ಮಾಡುವ ಸಿಬ್ಬಂದಿಯ ಸುರಕ್ಷತೆಗಾಗಿ, ಸರಬರಾಜು ನಿಂತೊಡನೆ ತಾನೂ ಸ್ಥಗಿತಗೊಳ್ಳುತ್ತದೆ. ನೀರೆತ್ತುವ ಮೋಟಾರು, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳನ್ನು ಹಗಲಿನಲ್ಲಿಯೇ ಬಳಸಿದಲ್ಲಿ ಸಂಜೆಯ ಬೇಡಿಕೆ ತಗ್ಗುತ್ತದೆ. ಘಟಕವಿಲ್ಲದ ಮನೆಯವರೂ ಇದನ್ನು ಪಾಲಿಸಬಹುದಾಗಿದೆ.

ಹೆಚ್ಚಿನ ವಿವರಗಳಿಗೆ ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯೊಂದಿಗೆ ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.