ಪಾಂಗೊ ಪಾಂಗೊ ದಂಡೆಯಲ್ಲಿ

ಫಂಗತೊಂಗೊ ಮಾರುಕಟ್ಟೆಯ ಮುಂದೆ ಐಂಗಾ ಬಸ್ಸುಗಳು ಸಾಲಾಗಿ ನಿಂತಿವೆ. ಪಿಕಪ್ ಟ್ರಕ್ಕಿನ ಮೇಲೆ ಮರದ ಮೈ ಕೂರಿಸಿ, ಬಣ್ಣ ಬಳಿದು, ಒಳಗೆ ಜೋರಾಗಿ ಹಾಡು ಹಚ್ಚಿದ ಗಾಡಿಗಳು. ಒಂದೊಂದೂ ಒಂದೊಂದು ಕುಟುಂಬದ್ದು. ವೇಳಾಪಟ್ಟಿ ಇಲ್ಲ, ಕೈ ತೋರಿಸಿದಲ್ಲಿ ನಿಲ್ಲುತ್ತವೆ. ಅಮೆರಿಕನ್ ಸಮೋವಾದ ಮುಖ್ಯ ದ್ವೀಪ ಟುಟುಯಿಲಾವನ್ನು ನೋಡಬೇಕಾದರೆ ಇದರಲ್ಲೇ ಕೂರಬೇಕು.

ರಸ್ತೆ ಕಡಲಂಚಿಗೇ ಅಂಟಿಕೊಂಡು ಸಾಗುತ್ತದೆ. ಪಾಂಗೊ ಪಾಂಗೊ ಬಂದರಿನಾಚೆ 523 ಮೀಟರಿನ ಪಿಯೋವಾ ಬೆಟ್ಟ, ಅದರ ನೆತ್ತಿಯಲ್ಲಿ ಮೋಡ. ಬುಡದಲ್ಲಿ ಟ್ಯೂನಾ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಗಾಳಿ ತಿರುಗಿದರೆ ಊರೆಲ್ಲ ಅದರ ವಾಸನೆ. ಸರ್ಕಾರ ಬಿಟ್ಟರೆ ಅತಿ ಹೆಚ್ಚು ಜನರಿಗೆ ಕೆಲಸ ಕೊಡುವುದು ಅದೇ.

ಮನೆಗಳ ಅಂಗಳದಲ್ಲೇ ಹಿರಿಯರ ಸಮಾಧಿಗಳಿವೆ. ಪಕ್ಕದಲ್ಲಿ ಗೋಡೆಯಿಲ್ಲದ, ಬರೀ ಕಂಬಗಳ ಮೇಲೆ ನಿಂತ ಫಾಲೆ. ಕುಟುಂಬದ ಮಾತುಕತೆ ನಡೆಯುವುದು ಅಲ್ಲಿ. ಇಲ್ಲಿನ ನೆಲದ ಬಹುಪಾಲು ಒಬ್ಬರ ಹೆಸರಿನಲ್ಲಿಲ್ಲ. ಅದು ಇಡೀ ಕುಟುಂಬದ್ದು, ನೋಡಿಕೊಳ್ಳುವವನು ಮನೆತನದ ಯಜಮಾನ, ಮತಾಯ್. 1900ರ ಏಪ್ರಿಲ್ 17ರಂದು ಟುಟುಯಿಲಾದ ಮುಖ್ಯಸ್ಥರು ದ್ವೀಪವನ್ನು ಅಮೆರಿಕಕ್ಕೆ ಒಪ್ಪಿಸಿದ ಪತ್ರದಲ್ಲೇ ಜನರ ಭೂಮಿಗೆ ರಕ್ಷಣೆಯ ಮಾತಿದೆ. ಇಲ್ಲಿ ಹುಟ್ಟಿದವರಿಗೆ ಅಮೆರಿಕದ ಪಾಸ್‌ಪೋರ್ಟ್ ಸಿಗುತ್ತದೆ, ಹುಟ್ಟಿನಿಂದ ಪೌರತ್ವ ಸಿಗುವುದಿಲ್ಲ. ಅದನ್ನು ನ್ಯಾಯಾಲಯ ಹೇರುವುದು ಬೇಡವೆಂದು ಇಲ್ಲಿನ ಸರ್ಕಾರವೇ ವಾದಿಸಿದೆ. ಭೂಮಿಯ ಕಟ್ಟಳೆ ಮುರಿದೀತೆಂಬ ಅಂಜಿಕೆ ಅದಕ್ಕೆ. ಹವಾಯಿಯ ಮೂಲನಿವಾಸಿಗಳು ನೆಲ ಕಳೆದುಕೊಂಡದ್ದನ್ನು ನೆನೆದರೆ ಆ ಅಂಜಿಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಸಂಜೆ ಆರರ ಹೊತ್ತಿಗೆ ಹಳ್ಳಿಯಲ್ಲಿ ಗಂಟೆಯೋ ಶಂಖವೋ ಕೇಳಿದರೆ ನಿಂತುಬಿಡಬೇಕು. ಅದು ಸಾ, ಮನೆಮನೆಯ ಪ್ರಾರ್ಥನೆಯ ವೇಳೆ. ಲುಂಗಿಯಂತೆ ಲಾವಲಾವಾ ಸುತ್ತಿದ ಯುವಕರು ರಸ್ತೆಯಂಚಿನಲ್ಲಿ ಕಾವಲು ನಿಲ್ಲುತ್ತಾರೆ. ಭಾನುವಾರ ಹಲವು ಹಳ್ಳಿಗಳಲ್ಲಿ ಈಜುವಂತಿಲ್ಲ. ಅಂದು ಇಗರ್ಜಿ ಮುಗಿದ ಮೇಲೆ ಕಾದ ಕಲ್ಲುಗಳ ಒಲೆ ಉಮುವಿನಿಂದ ಊಟ: ಜೀಗುಜ್ಜೆ, ಕೆಸುವಿನ ಗೆಡ್ಡೆ, ತೆಂಗಿನ ಹಾಲನ್ನು ಕೆಸುವಿನ ಎಲೆಯಲ್ಲಿ ಕಟ್ಟಿ ಬೇಯಿಸಿದ ಪಲುಸಾಮಿ. ನಮ್ಮ ಕರಾವಳಿಯವರಿಗೆ ಇಲ್ಲಿನ ಹಿತ್ತಿಲು ಪರಿಚಿತ.

ಹೊನೊಲುಲುವಿನಿಂದ ವಿಮಾನದಲ್ಲಿ ಸುಮಾರು ಐದೂವರೆ ಗಂಟೆಯ ದಾರಿ, ದಿನವೂ ವಿಮಾನವಿಲ್ಲ. ಬರುವವರು ಉತ್ತರ ದಂಡೆಯ ವಾಟಿಯಾದವರೆಗೂ ಹೋಗಬೇಕು. ಅಲ್ಲಿನ ಮಳೆಕಾಡು ರಾಷ್ಟ್ರೀಯ ಉದ್ಯಾನದ ಭಾಗ. ಅಮೆರಿಕ ಆ ನೆಲವನ್ನು ಕೊಂಡಿಲ್ಲ. 1993ರಲ್ಲಿ ಹಳ್ಳಿಗಳಿಂದ 50 ವರ್ಷಕ್ಕೆ ಗುತ್ತಿಗೆ ಪಡೆದಿದೆ, ಊರಿನವರು ಅದರೊಳಗೆ ಈಗಲೂ ಕೆಸು, ಬಾಳೆ ಬೆಳೆದುಕೊಳ್ಳಬಹುದು.