ಕೋವಿಯ ತೇವ, ಪಿಸ್ತೂಲಿನ ಧೂಳು

ಭದ್ರಾ ನಾಲೆಯ ನೀರು ಗದ್ದೆಯಿಂದ ಗದ್ದೆಗೆ ಹರಿದು ನೆಲವನ್ನು ತಣ್ಣಗಿಟ್ಟಿರುವ ಕತ್ತಲಗೆರೆಯಂಥ ಊರಿನಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಕುಡುಗೋಲಾಗಲಿ ನೇಗಿಲಗುಳವಾಗಲಿ ನಾಲ್ಕು ದಿನ ಮೂಲೆ ಸೇರಿತೆಂದರೆ ಕೆಂಪುಪುಡಿಯನ್ನು ಹೊದ್ದುಕೊಳ್ಳುವುದು. ಅಂಥ ಊರಿನ ಮನೆಯೊಂದರಲ್ಲಿ ಬೆಳೆರಕ್ಷಣೆಯ ಪರವಾನಗಿಯ ಮೇಲೆ ತಂದ ಕೇಪಿನ ಕೋವಿಯೊಂದಿದ್ದರೆ ಅದರ ಕಥೆ ಇನ್ನೂ ಸೂಕ್ಷ್ಮವಾದುದು. ಏಕೆಂದರೆ ಕುಡುಗೋಲಿಗೆ ತಗಲುವ ತೇವ ಹೊರಗಿನದು, ಕೋವಿಯಾದರೋ ತೇವವನ್ನು ತಾನೇ ಕರೆದು ಹೊಟ್ಟೆಯಲ್ಲಿ ಕೂರಿಸಿಕೊಳ್ಳುತ್ತದೆ.

ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದಾದ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನರೂಪದಲ್ಲಿಯೇ ಉಳಿದು, ಕೆಲವಂಶ ಹೊಗೆಯಾಗಿ ಹಾರಿಹೋಗಿ, ಮಿಕ್ಕದ್ದು ನಳಿಗೆಯ ಗೋಡೆಗೆ ಮಸಿಯಾಗಿ ಅಂಟುವುದು. ಆ ಮಸಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹಳೆಯ ಬಗೆಯ ಕೇಪುಗಳಲ್ಲಿ ಸಿಡಿಯುವ ಕ್ಲೋರೇಟಾದರೂ ಹಿಂದೆ ಬಿಟ್ಟುಹೋಗುವುದು ಅಡುಗೆಯುಪ್ಪಿನ ದಾಯಾದಿಯನ್ನೇ. ಉಪ್ಪು ಎಣ್ಣೆಯಲ್ಲಿ ಕರಗದು. ಮಸಿಯ ಮೇಲೆಯೇ ಎಣ್ಣೆ ಸವರಿ ನಿಶ್ಚಿಂತನಾದರೆ ರೋಗದ ಮೇಲೆ ಹೊದಿಕೆ ಹೊದಿಸಿದಂತಾಯಿತಷ್ಟೆ. ಕೋವಿಗೆ ನೀರು ತಗಲಬಾರದೆಂಬ ನಂಬಿಕೆ ಎಷ್ಟೇ ಬಲವಾಗಿದ್ದರೂ ಆ ಮಸಿಗೆ ಮೊದಲ ಔಷಧ ಬಿಸಿನೀರು: ಅದು ಉಪ್ಪನ್ನೂ ಕರಗಿಸುವುದು, ನಳಿಗೆಯನ್ನೂ ಕಾಯಿಸಿ ಬೇಗ ಒಣಗಿಸುವುದು. ಒಣಬಟ್ಟೆ ಆಮೇಲೆ, ತೆಳುವಾದ ಎಣ್ಣೆ ಕಟ್ಟಕಡೆಗೆ. ಆದರೆ ಇವೆಲ್ಲಕ್ಕೂ ಮುಂಚೆ ಒಳಗೆ ಈಡು ಇದೆಯೇ ಎಂಬುದು ತಿಳಿದಿರಬೇಕು. ಬರಿದಾದ ನಳಿಗೆಯೊಳಗೆ ಈಡು ಗಿಡಿಯುವ ಗಜವನ್ನು ತಳಮುಟ್ಟ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಅದರ ಮೇಲೊಂದು ಗೆರೆ ಕೊರೆದಿಟ್ಟುಕೊಂಡವನಿಗೆ, ಗೆರೆ ಮೇಲಕ್ಕೆದ್ದು ನಿಂತ ದಿನ ಮತ್ತೊಂದು ಸಾಕ್ಷಿ ಬೇಡ.

ಚುನಾವಣೆ ಬಂದಾಗ ಪರವಾನಗಿ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುವುದುಂಟು. ತೊಳೆಯದೆ ಒಪ್ಪಿಸಿದ ಕೋವಿ ವಾರಗಟ್ಟಲೆ ಅಲ್ಲಿದ್ದು ತುಕ್ಕು ಹಿಡಿದು ಹಿಂದಿರುಗಿದರೆ ಠಾಣೆಯವರನ್ನು ಶಪಿಸುವುದು ನ್ಯಾಯವಲ್ಲ. ಆಯುಧಪೂಜೆಯ ದಿನದ ಭಕ್ತಿಯ ವಿಷಯದಲ್ಲಿಯೂ ಒಂದು ಬಿನ್ನಹ: ಅರಿಸಿನ ಕುಂಕುಮಗಳು ಮರದ ಹಿಡಿಗೆ ಶೋಭಿಸುವಷ್ಟು ಕುದುರೆಯ ಸಂದಿಗೂ ಕೇಪು ಕೂರುವ ರಂಧ್ರಕ್ಕೂ ಶೋಭಿಸವು.

ಪಿಸ್ತೂಲಿನ ಜಾತಿಯೇ ಬೇರೆ. ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುವ 9 ಮಿ.ಮೀ. ಪಿಸ್ತೂಲನ್ನೇ ತೆಗೆದುಕೊಳ್ಳಿ. ಇದರ ಮೂಲವಿನ್ಯಾಸ ಅಮೆರಿಕದ ಜಾನ್ ಬ್ರೌನಿಂಗನದು; 1926ರಲ್ಲಿ ಅವನು ತೀರಿಕೊಂಡ ಮೇಲೆ ಬೆಲ್ಜಿಯಂನ ಸೇವ್ ಎಂಬಾತ ಅದನ್ನು ಪೂರ್ಣಗೊಳಿಸಿದನು. ಒಂದು ಗುಂಡಿನ ಹಿನ್ನೂಕಿನಿಂದಲೇ ಸ್ಲೈಡು ಹಿಂದೆ ಸರಿದು, ಕೊಕ್ಕೆಯೊಂದು ಖಾಲಿ ತೋಟಾವನ್ನು ಎಳೆದು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಸ್ಲೈಡು ಮರಳುವಾಗ ಮ್ಯಾಗಜೀನಿನ ಮೇಲ್ತುದಿಯ ಹೊಸ ತೋಟಾವನ್ನು ನಳಿಗೆಯ ಬುಡಕ್ಕೆ ಸೇರಿಸುವ ಈ ಯಂತ್ರದಲ್ಲಿ ಶಕ್ತಿ ಅಳತೆಗೆ ತಕ್ಕಷ್ಟೇ ಇರುವುದರಿಂದ, ಚಿಟಿಕೆ ಕೊಳೆಯೂ ಅದನ್ನು ನಡುದಾರಿಯಲ್ಲಿ ನಿಲ್ಲಿಸಬಲ್ಲುದು. ಎಲ್ಲಿ ನಿಂತಿತೆಂಬುದೇ ರೋಗದ ಗುರುತು. ಖಾಲಿ ತೋಟಾ ಹೊರಬೀಳದೆ ಸಿಕ್ಕಿಕೊಂಡರೆ ಕೊಕ್ಕೆಯ ಕೆಳಗಿನ ಕೊಳೆಯನ್ನೋ ಹಿಡಿದವನ ಸಡಿಲ ಮಣಿಕಟ್ಟನ್ನೋ ಶಂಕಿಸಬೇಕು. ಸ್ಲೈಡು ಪೂರ್ತಿ ಮುಚ್ಚದಿದ್ದರೆ ನಳಿಗೆಯ ಬುಡದ ಮಸಿಯನ್ನೋ ದಣಿದ ಸ್ಪ್ರಿಂಗನ್ನೋ ನೋಡಬೇಕು. ಹೊಸ ತೋಟಾ ಸೊಟ್ಟಗೆ ಏರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಮ್ಯಾಗಜೀನಿನ ಬಾಗಿದ ತುಟಿಗಳದು. ಮ್ಯಾಗಜೀನುಗಳಿಗೆ ಒಂದು, ಎರಡು ಎಂದು ಅಂಕೆ ಬರೆದಿಟ್ಟರೆ ತಪ್ಪು ಯಾವುದರ ಜೊತೆ ಓಡಾಡುತ್ತಿದೆಯೆಂಬುದು ತಾನಾಗಿ ಹೊರಬೀಳುವುದು. ಕುದುರೆ ಬಡಿದೂ ಗುಂಡು ಹಾರದಿದ್ದರೆ, ಮದ್ದು ತಡವಾಗಿ ಹೊತ್ತಿಕೊಳ್ಳಬಹುದಾದ್ದರಿಂದ, ಅಭ್ಯಾಸದ ಬಯಲಿನಲ್ಲಿ ಮೂತಿಯನ್ನು ಗುರಿಯ ದಿಬ್ಬದತ್ತಲೇ ಹಿಡಿದು ಅರ್ಧ ನಿಮಿಷ ಕಾಯತಕ್ಕದ್ದು.

ಬಿಚ್ಚುವ ಕ್ರಮದಲ್ಲಿ ಮಾತ್ರ ಹಿಂದುಮುಂದಾಗಕೂಡದು. ಮ್ಯಾಗಜೀನು ಮೊದಲು ಹೊರಗೆ. ಅನಂತರ ಸ್ಲೈಡನ್ನೆಳೆದು ನಳಿಗೆಯ ಬುಡವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸುವುದು. ಮ್ಯಾಗಜೀನಿರುವಾಗಲೇ ಸ್ಲೈಡೆಳೆದು ಬಿಟ್ಟವನು ಒಂದು ತೋಟಾವನ್ನು ತೆಗೆದು ಮತ್ತೊಂದನ್ನು ತುಂಬಿರುತ್ತಾನೆ. ಬರಿದೆಂದು ನಂಬಿದ ಪಿಸ್ತೂಲು ಸಿಡಿದ ಅವಘಡಗಳೆಷ್ಟೋ ಈ ಒಂದು ಮರೆವಿನಿಂದ ಆದವು.

ಇನ್ನು ಎಣ್ಣೆ. ಕತ್ತಲಗೆರೆಯ ತೇವಕ್ಕೆ ಹಿತವಾದ ಎಣ್ಣೆಯೇ ಜಗಳೂರಿನ ಒಣಬಯಲಿನಲ್ಲಿ ಧೂಳನ್ನು ಕೂಡಿಕೊಂಡು ಅರಳುಹಿಟ್ಟಿನಂತೆ ಗಟ್ಟಿಯಾಗಿ ಸ್ಲೈಡಿನ ಹಳಿಗಳನ್ನು ಕಟ್ಟಿಹಾಕುವುದು. ಸವೆದು ಹೊಳೆಯುವ ಜಾಗಕ್ಕೆ ಒಂದೊಂದು ತೊಟ್ಟು ಸಾಕು, ತೋಟಾಗಳಿಗೂ ಮ್ಯಾಗಜೀನಿನ ಒಳಭಾಗಕ್ಕೂ ಅದೂ ಬೇಡ. ಒರಸಿದ ಮೇಲೆಯೂ ತಪ್ಪು ಮರುಕಳಿಸಿದರೆ ಅರದಿಂದ ಉಜ್ಜಿ ಪ್ರಯೋಗಕ್ಕೆ ತೊಡಗದೆ ಪರವಾನಗಿಯುಳ್ಳ ಕಮ್ಮಾರನಲ್ಲಿಗೆ ಒಯ್ಯಿರಿ. ಬಂದೂಕು ಪಿಸ್ತೂಲುಗಳನ್ನು ದುರಸ್ತಿಮಾಡುವ ಕಸುಬಿಗೂ 1959ರ ಆಯುಧ ಕಾಯಿದೆಯು ಪ್ರತ್ಯೇಕ ಪರವಾನಗಿಯನ್ನು ವಿಧಿಸಿದೆ.